ಬಿನ್ ನಂಬರ್ ೧೪-ಸಿ

ಭೋಸರಿಯ ಈ ಗೋದಾಮಿಗೆ ಬಂದು ಹದಿನೇಳು ವರ್ಷ.
ನನ್ನ ಹೆಸರನ್ನು ಫೋನಿನಾಚೆಯವರು ಕೇಳುವುದಿಲ್ಲ.
ಕೇಳುವುದು ಒಂದೇ: ಇದೆಯಾ?

ಆ 'ಇದೆಯಾ'ದಲ್ಲೇ ಗೊತ್ತಾಗುತ್ತದೆ
ಯಾವ ಧಂದೆಯವರೆಂದು.
ಡೈರಿಯವರಿಗೆ ಉಸಿರಾಡಲೂ ಪುರುಸೊತ್ತಿಲ್ಲ,
ನಿಮಿಷ ನಿಮಿಷಕ್ಕೂ ಹುಳಿಯ ಲೆಕ್ಕ.
ಸಕ್ಕರೆ ಕಾರ್ಖಾನೆಯವರು ಹಂಗಾಮು ಮುಗಿಸಿ ಮಲಗಿದರೆ
ಕಬ್ಬಿನ ಗಾಡಿ ಗೇಟಿಗೆ ಬಂದಾಗಲೇ ಎದ್ದು
ನನ್ನನ್ನು ಬೈಯುವುದು.
ಆಸ್ಪತ್ರೆಯವರು ಮಾತ್ರ ಮೆಲ್ಲಗೆ,
ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ.
ಆ ಮೆಲುದನಿಗೆ ನನ್ನ ಕೈ
ಎಲ್ಲರಿಗಿಂತ ಬೇಗ ಓಡುತ್ತದೆ.

ತಂಗಿಯ ಮಗಳ ಹುಟ್ಟುಹಬ್ಬ ಮರೆತವಳು ನಾನು.
ಇಚಲಕರಂಜಿಯ ಹಳೆಯ ಮಗ್ಗದ ಯಾವ ಬೇರಿಂಗು
ಎಷ್ಟನೇ ಕಪಾಟಿನ ಎಷ್ಟನೇ ಗೂಡು,
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಆದರೂ ಒಂದು ಸಲ ಎಡವಿದೆ.
ವಾಘ್ಮೋಡೆ ಬೈಕಿಗೆ ಡಬ್ಬಿ ಬಿಗಿದುಕೊಂಡು
ರಾತ್ರಿ ಎರಡಕ್ಕೆ ಖಂಬಾಟಕಿ ಘಾಟು ಇಳಿದು ಹೋಗಿ
ಬೆಳಿಗ್ಗೆ ಅದೇ ಡಬ್ಬಿಯೊಂದಿಗೆ ವಾಪಸು ಬಂದ:
"ಅಕ್ಕಾ, ನೀ ಕೊಟ್ಟ ಸೀಲು ಬಲಗೈದು,
ಅವರ ಪಂಪು ಎಡಗೈದು."
ಬೈಯಲಿಲ್ಲ. ಚಹಾ ಕುಡಿದು ಮತ್ತೆ ಹೊರಟ.
ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚಿನಲ್ಲಿ ಲೆಕ್ಕ ನೋಡಲು ಬಂದ ದಾತೆ ಮೇಡಂ
ಮೂರು ವರ್ಷ ಅಲುಗದ್ದು ಸತ್ತ ಸರಕು ಎಂದರು.
ಕನ್ನಡಕ ಏರಿಸಿ ೧೪-ಸಿಯ ಮುಂದೆ ನಿಂತರು.
ಎಣ್ಣೆಕಾಗದದಲ್ಲಿ ಹಿತ್ತಾಳೆಯ ಹಲ್ಲುಗಾಲಿ, ಅಂಗೈಯಷ್ಟು.
ಹನ್ನೊಂದು ವರ್ಷದಿಂದ ಅಲ್ಲೇ.
ಆ ಮಾದರಿಯ ಯಂತ್ರ ಮಾಡುವುದನ್ನು ಕಂಪನಿ ಎಂದೋ ಬಿಟ್ಟಿತ್ತು,
ಓಡುತ್ತಿದ್ದದ್ದು ಒಂದೇ ಒಂದು,
ಸಾತಾರದಲ್ಲಿ, ಯಾಸೀನ್ ಅತ್ತಾರರ ಸೋಡಾ ಕಾರ್ಖಾನೆಯಲ್ಲಿ.
"ಒಂದು ಯಂತ್ರಕ್ಕೆ ಒಂದು ಕಪಾಟೇ?"
ಕಪಾಟಲ್ಲ ಮೇಡಂ, ಕಪಾಟಿನ ಮೂಲೆ.
ನಕ್ಕರು. ಮುಂದಿನ ವರ್ಷ ನೋಡೋಣ ಎಂದು ಬರೆದರು.

ಬೇಸಿಗೆ ಹತ್ತಿರವಾದಾಗ ಅತ್ತಾರ್ ಚಾಚಾನ ಫೋನು:
"ಇದೆಯಲ್ಲ ಬೇಟಿ?"
ಇದೆ ಚಾಚಾ.
"ಬೇಕಾಗಿಲ್ಲ. ಸುಮ್ಮನೆ ಕೇಳಿದೆ."
ಇದ್ದರೆ ಸಾಕು ಎನ್ನುವ ಗಿರಾಕಿಗೆ
ಏನೆಂದು ಬಿಲ್ಲು ಹರಿಯುವುದು?
ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಮೊನ್ನೆ ಫೋನು ಬಂತು. ಬೇಸಿಗೆಯಲ್ಲ.
ಹುಡುಗನ ದನಿ, ಮೊಮ್ಮಗನಂತೆ.
ಮಷೀನು ಗುಜರಿಗೆ ಕೊಟ್ಟೆವು,
ನಿಮಗೆ ತಿಳಿಸು ಅಂದರು ದಾದಾ,
ಇನ್ನು ಇಟ್ಟುಕೊಂಡು ಕೂರುವುದು ಬೇಡವಂತೆ.
ದಾದಾ ಹೇಗಿದ್ದಾರೆ ಎಂದು ಕೇಳಬೇಕಿತ್ತು.
ಬಾಯಿಗೆ ಬಂದದ್ದು: ಎಷ್ಟು ಕಿಲೋ ಆಯಿತು?
ಆರುನೂರ ನಲವತ್ತು, ಎಂದ.

ಬಿಡಿಭಾಗ ಸಿಗದೆ ನಿಂತ ಯಂತ್ರಗಳ ಸಂಕಟ
ನನಗೆ ದಿನದ ಅನ್ನ.
ಯಂತ್ರವೇ ಹೋದಮೇಲೆ ಉಳಿದ ಇದಕ್ಕೆ
ಏನೆನ್ನಬೇಕು, ಯಾವುದರ ಬಿಡಿ?
ಕಾಗದ ಬಿಚ್ಚಿ ಹಲ್ಲು ಎಣಿಸಿದೆ, ಕನ್ನಡದಲ್ಲೇ,
ಇಂಡಿಯ ಶಾಲೆಯಲ್ಲಿ ಕಲಿತಂತೆ, ರಾಗವಾಗಿ.
ಇಪ್ಪತ್ತೆಂಟು. ಒಂದೂ ಸವೆದಿಲ್ಲ,
ಒಂದೂ ಇನ್ನೊಂದು ಹಲ್ಲಿನ ರುಚಿ ಕಂಡಿಲ್ಲ.
ಹನ್ನೊಂದು ವರ್ಷ ಇದು ಮಾಡಿದ ಕೆಲಸವೆಂದರೆ
ಸಾತಾರದಲ್ಲಿ ಒಬ್ಬ ಮುದುಕನಿಗೆ ನಿದ್ದೆ ಬರಿಸಿದ್ದು.

ಮತ್ತೆ ಸುತ್ತಿಡಬೇಕೋ,
ತೂಕಕ್ಕೆ ಹಾಕಬೇಕೋ, ತಿಳಿಯದೆ ನಿಂತಾಗ
ಫೋನು.
ಮೆಲುದನಿ. ಹಡಪ್ಸರದ ಆಸ್ಪತ್ರೆ,
ಪಂಪು ಸೋರುತ್ತಿದೆಯಂತೆ, ಸೀಲು ಇದೆಯಾ?

ಇದೆ.
ಎಡಗೈದೋ ಬಲಗೈದೋ, ಹೋಗಿ ನೋಡಿ ಬನ್ನಿ.
ಅವಸರ ಬೇಡ,
ನಾನು ಹಿಡಿದಿರುತ್ತೇನೆ.